ಸರದಿ ಬರುವ ತನಕ

ನಾನಿರುವ ಸ್ವೀಡನ್ನಿನ ಸೋಲ್ನಾಕ್ಕೂ ಟಿವಿಗೂ ಹಳೆಯ ನಂಟು. 1958ರ ಜೂನ್ 29ರಂದು ವಿಶ್ವಕಪ್ ಫುಟ್‌ಬಾಲಿನ ಫೈನಲ್ ನಡೆದದ್ದು ಈ ಊರಿನ ರೋಸುಂದಾ ಕ್ರೀಡಾಂಗಣದಲ್ಲಿ. ಹದಿನೇಳು ವರ್ಷದ ಪೆಲೆ ಎರಡು ಗೋಲು ಹೊಡೆದ, ಬ್ರೆಜಿಲ್ 5–2ರಿಂದ ಗೆದ್ದಿತು, ಸ್ವೀಡನ್ ಸೋತಿತು. ಸ್ವೀಡನ್ನಿನಲ್ಲಿ ಟಿವಿ ಪ್ರಸಾರ ವಿಧಿವತ್ತಾಗಿ ಆರಂಭವಾದದ್ದು 1956ರ ಸೆಪ್ಟೆಂಬರಿನಲ್ಲಿ. ಪೆಟ್ಟಿಗೆ ಇದ್ದ ಮನೆಗಳು ಆಗ ಕಡಿಮೆ. ಈ ಪಂದ್ಯಾವಳಿಯ ನೆಪದಲ್ಲಿ ಎಷ್ಟೋ ಮನೆಗಳಿಗೆ ಮೊದಲ ಟಿವಿ ಬಂತು. 1987ರಲ್ಲಿ ನಮ್ಮ ಕಡೆ ರಾಮಾಯಣ ಮಾಡಿದ ಕೆಲಸವನ್ನು ಇಲ್ಲಿ ಒಂದು ಚೆಂಡು ಮಾಡಿತು.

ಆ ಕ್ರೀಡಾಂಗಣ ಈಗಿಲ್ಲ. ಅದನ್ನು ಕೆಡವಿದ ಜಾಗದಲ್ಲಿ ಮನೆಗಳೆದ್ದಿವೆ. ಹತ್ತಿರದಲ್ಲೇ ಹಳೆಯ ಫಿಲ್ಮ್‌ಸ್ಟಾಡೆನ್ ಇದೆ. ಇಂಗ್ಮಾರ್ ಬರ್ಗ್‌ಮನ್ ‘ದ ಸೆವೆಂತ್ ಸೀಲ್’ ಚಿತ್ರದ ಬಹುಭಾಗವನ್ನು ಅಲ್ಲಿಯ ಸ್ಟುಡಿಯೋದಲ್ಲಿ ತೆಗೆದರು. ಈಗ ರೈಲು ನಿಲ್ದಾಣದ ಮಗ್ಗುಲಿಗೆ ಹೊಸ ಅರೀನಾ ಬಂದಿದೆ. ದೇಶದ ಅತಿ ದೊಡ್ಡ ಹಾಡಿನ ಸ್ಪರ್ಧೆಯ ಫೈನಲ್ 2013ರಿಂದ ಹೆಚ್ಚಾಗಿ ನಡೆಯುವುದು ಅಲ್ಲಿ. ಅಕ್ಟೋಬರಿನ ಮೊದಲ ಸೋಮವಾರ ವೈದ್ಯಶಾಸ್ತ್ರದ ನೊಬೆಲ್ ಯಾರಿಗೆಂದು ಜಗತ್ತಿಗೆ ಹೇಳುವುದೂ ಸೋಲ್ನಾದ ಕರೋಲಿನ್‌ಸ್ಕಾ ಆವರಣದಿಂದಲೇ. ಇಷ್ಟು ಸಣ್ಣ ಊರು ಇಷ್ಟು ಸಲ ಪರದೆಯ ಮೇಲೆ ಬರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೂ ಇಲ್ಲಿಯ ಸಾರ್ವಜನಿಕ ವಾಹಿನಿ ಎಸ್‌ವಿಟಿಯನ್ನು ನಾನು ಬೆಳಗಿನಿಂದ ರಾತ್ರಿಯ ತನಕ ನೋಡಿದ್ದು ಅಮ್ಮ ಬಂದ ಮೇಲೆ. 2025ರ ಜನವರಿ ಕೊನೆಗೆ ಅಮ್ಮ ಬದಿಯಡ್ಕದಿಂದ ಬಂದಳು. ಎಪ್ಪತ್ತಾರು ವರ್ಷ. ಹೊರಗೆ ಕಾಲಿಟ್ಟರೆ ಜಾರುವ ಹಿಮಗಡ್ಡೆ, ಒಳಗೆ ನಾವೆಲ್ಲ ಕೆಲಸಕ್ಕೆ ಶಾಲೆಗೆ ಹೋದ ಮೇಲೆ ಖಾಲಿ ಮನೆ. ಅವಳ ಫೋನಿನಲ್ಲಿ ಬೇಕಾದ್ದೆಲ್ಲ ಇತ್ತು: ಯಕ್ಷಗಾನ, ಧಾರಾವಾಹಿ, ಊರಿನ ದೇವಸ್ಥಾನದ ಉತ್ಸವದ ವಿಡಿಯೋ. ಅದನ್ನು ಒಂದು ಗಳಿಗೆ ನೋಡಿ ಪಕ್ಕಕ್ಕಿಟ್ಟು, ಅರ್ಥವಾಗದ ಸ್ವೀಡಿಷ್ ಟಿವಿಯ ಮುಂದೆ ಕೂರುತ್ತಿದ್ದಳು. ಯಾಕೆ ಎಂದು ಕೇಳಿದೆ. “ಅದರಲ್ಲಿ ಜನ ಇದ್ದವು” ಎಂದಳು.

ಅವಳ ಜೊತೆ ಕೂತ ಮೇಲೆ ಆ ಮಾತು ನನಗೂ ಹೌದೆನ್ನಿಸಿತು. ಬೆಳಿಗ್ಗೆ ಸುದ್ದಿಯ ಸ್ಟುಡಿಯೋ, ಹವಾಮಾನ. ದಕ್ಷಿಣದ ತುದಿಯಲ್ಲಿ ಮಳೆ ಎಂದರೆ ಉತ್ತರದ ತುದಿಯಲ್ಲಿ ಮೈನಸ್ ಇಪ್ಪತ್ತೈದು. ಅಷ್ಟು ಉದ್ದದ ದೇಶ. ಆಮೇಲೆ ಹಿಂದಿನ ವಾರದ ಕಾರ್ಯಕ್ರಮಗಳ ಮರುಪ್ರಸಾರ. ಮನೆಯಲ್ಲಿರುವ ಮುದುಕರಿಗೆ, ರಾತ್ರಿ ಪಾಳಿ ಮುಗಿಸಿ ಬಂದವರಿಗೆ, ಜ್ವರ ಬಂದು ಮಲಗಿದವರಿಗೆ ಈ ಹೊತ್ತು. ವಾರಾಂತ್ಯದಲ್ಲಾದರೆ ಹಗಲೆಲ್ಲ ಹಿಮದ ಆಟ. ಸ್ಕೀ ಹಾಕಿಕೊಂಡು ಗುಡ್ಡ ಹತ್ತಿಳಿದು ಓಡಿಬಂದು, ಬೆನ್ನ ಮೇಲಿನ ಬಂದೂಕು ಇಳಿಸಿ ಐವತ್ತು ಮೀಟರ್ ದೂರದ ಐದು ಕಪ್ಪು ಬಿಲ್ಲೆಗಳಿಗೆ ಗುಂಡು ಹೊಡೆಯುವ ಒಂದು ಪಂದ್ಯವಿದೆ. ಮಲಗಿ ಹೊಡೆಯುವಾಗ ಗುರಿಯ ಅಗಲ ಬರೀ 45 ಮಿಲಿಮೀಟರ್. ನಿಂತು ಹೊಡೆಯುವಾಗ 115. ತಾಗಿದರೆ ಕಪ್ಪು ಬಿಲ್ಲೆ ಬಿಳಿಯಾಗುತ್ತದೆ. ಹೆಚ್ಚಿನ ಪಂದ್ಯಗಳಲ್ಲಿ, ತಪ್ಪಿದ ಪ್ರತಿ ಗುಂಡಿಗೆ 150 ಮೀಟರಿನ ಒಂದು ಸುತ್ತು ಹೆಚ್ಚು ಓಡಬೇಕು. ಅಮ್ಮನಿಗೆ ನಿಯಮ ಯಾರೂ ಹೇಳಿಕೊಡಲಿಲ್ಲ. ಎರಡನೆಯ ಪಂದ್ಯದ ಹೊತ್ತಿಗೆ ಅವಳೇ ಕಂಡುಕೊಂಡಿದ್ದಳು. ಏದುಸಿರು ಬಿಡುತ್ತಾ ಬಂದ ಹುಡುಗಿ ಅವಸರದಲ್ಲಿ ಕುದುರೆ ಎಳೆಯಲು ಹೊರಟರೆ, “ರಜ್ಜ ಉಸುಲು ತೆಕ್ಕೊಳ್ಳಲಿ” ಎಂದು ಇವಳು ಸೋಫಾದಲ್ಲಿ ಚಡಪಡಿಸುತ್ತಿದ್ದಳು.

ಮಧ್ಯಾಹ್ನದ ಮರುಪ್ರಸಾರದಲ್ಲಿ ಅವಳಿಗೆ ಮೆಚ್ಚಾದದ್ದು ‘ಆಂಟೀಕ್‌ರುಂಡನ್’. 1989ರಿಂದ ಬರುತ್ತಿರುವ ಕಾರ್ಯಕ್ರಮ. ಬ್ರಿಟನ್ನಿನ ಬಿಬಿಸಿಯಲ್ಲಿ ಶುರುವಾದ ಮಾದರಿ. ಊರಿಂದೂರಿಗೆ ಹೋಗುತ್ತಾರೆ, ಜನ ಅಟ್ಟದ ಮೇಲಿದ್ದ ಹಳೆಯ ಸಾಮಾನು ಹೊತ್ತು ಸಾಲು ನಿಲ್ಲುತ್ತಾರೆ, ಬಲ್ಲವರು ಅದರ ಚರಿತ್ರೆ ಹೇಳಿ ಬೆಲೆ ಕಟ್ಟುತ್ತಾರೆ. ಒಬ್ಬ ಅಜ್ಜ ತಾಮ್ರದ ಕಾಫಿ ಪಾತ್ರೆ ತಂದಿದ್ದರು. ಮೂತಿಗೆ ಬೆಸುಗೆ ಹಾಕಿತ್ತು, ಹಿಡಿಗೆ ಚರ್ಮ ಸುತ್ತಿತ್ತು. ತಜ್ಞೆ ಅದನ್ನು ಬೋರಲು ಮಾಡಿ ತಳ ನೋಡಿದರು, ಬೆಸುಗೆಯ ಮೇಲೆ ಬೆರಳಾಡಿಸಿದರು, ಒಳಗಿನ ಕಲಾಯಿ ಇಣುಕಿ ನೋಡಿದರು. ಆ ಅಜ್ಜ ಇಷ್ಟು ಹೊತ್ತೂ ಒಂದು ಕೈ ಪಾತ್ರೆಯ ಪಕ್ಕದಲ್ಲೇ ಇಟ್ಟಿದ್ದರು, ಬೀಳದಂತೆ. ಬೆಲೆ ಹೇಳಿದಾಗ ತಲೆಯಾಡಿಸಿದರು. ಅದು ದೊಡ್ಡ ಮೊತ್ತವೇನಲ್ಲ. ಅವರಿಗೆ ಬೇಕಿದ್ದದ್ದು ಬೆಲೆಯಲ್ಲ, ಅದು ಯಾವ ಕಾಲದ್ದು, ಯಾರ ಕೈಯ ಕೆಲಸ ಎಂಬುದು. ಅಮ್ಮ ಪರದೆಯ ಹತ್ತಿರ ಹೋಗಿ ಕಲಾಯಿ ನೋಡಿಬಂದಳು. ನಮ್ಮ ಮನೆಯ ಉರುಳಿಗೂ ಹೀಗೇ ಬೆಸುಗೆ ಹಾಕಿಸಿದ್ದು, ಕಲಾಯಿಯವನು ವರ್ಷಕ್ಕೊಮ್ಮೆ ಬಂದು ಅಂಗಳದಲ್ಲಿ ತಿದಿ ಒತ್ತುತ್ತಿದ್ದದ್ದು, ಎಲ್ಲ ಆ ಸಂಜೆ ನನ್ನ ಮಗಳಿಗೆ ಕಥೆಯಾಗಿ ಸಿಕ್ಕಿತು.

ಸಂಜೆಯ ಹೊತ್ತಿಗೆ ಎರಡನೆಯ ವಾಹಿನಿಯಲ್ಲಿ ಪುಟ್ಟ ಪುಟ್ಟ ಸುದ್ದಿಗಳು ಬರುತ್ತವೆ. ನನಗೆ ಇಡೀ ದಿನದಲ್ಲಿ ಬಹಳ ಬೆಲೆಯುಳ್ಳದ್ದೆಂದು ತೋರುವುದು ಈ ಹೊತ್ತು. ಫಿನ್ನಿಷ್ ಭಾಷೆಯ ಸುದ್ದಿ ‘ಊತಿಸೆತ್’. ಸನ್ನೆ ಭಾಷೆಯ ಸುದ್ದಿ. ಉತ್ತರದ ಸಾಮಿ ಜನರ ಭಾಷೆಯಲ್ಲಿ ‘ಒದ್ದಸತ್’. ಸಾಮಿಗಳ ನೆಲ ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯಾ ನಾಲ್ಕರಲ್ಲೂ ಹಂಚಿಹೋಗಿದೆ. ಅವರ ಸುದ್ದಿಗಾಗಿ ನಾರ್ಡಿಕ್ ದೇಶಗಳ ಸಾರ್ವಜನಿಕ ವಾಹಿನಿಗಳು ಗಡಿ ಮರೆತು ಕೈಜೋಡಿಸಿದವು. 2000ದಲ್ಲಿ ಸ್ವೀಡನ್ ಐದು ಭಾಷೆಗಳನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಭಾಷೆಗಳೆಂದು ಒಪ್ಪಿಕೊಂಡಿತು: ಫಿನ್ನಿಷ್, ಮೆಯೆನ್‌ಕಿಯೆಲಿ, ಸಾಮಿ, ರೋಮಾನಿ, ಯಿದ್ದಿಷ್. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದವರಿಗೆ ಇದೆಲ್ಲ ಕಾನೂನಿನ ಪುಸ್ತಕದ ವಿಷಯವಲ್ಲ. ರಾಜ್ಯದ ಭಾಷೆ ಒಂದು, ಶಾಲೆಯ ಭಾಷೆ ಒಂದು, ಅಂಗಳದ ಭಾಷೆ ಇನ್ನೊಂದು, ಅಡುಗೆಮನೆಯ ಭಾಷೆ ಮತ್ತೊಂದು ಆಗಿರುವ ಕಡೆಯಿಂದ ಬಂದವಳು ನಾನು. ನಮ್ಮ ಮಾತು ಸರಕಾರದ ಪೆಟ್ಟಿಗೆಯಿಂದ ಹೊರಗೆ ಬಂತೆಂದರೆ ನಾವು ಲೆಕ್ಕದಲ್ಲಿದ್ದೇವೆ ಎಂದು ಮನಸ್ಸು ನಂಬುತ್ತದೆ. ಮಂಗಳೂರು ಆಕಾಶವಾಣಿಯಲ್ಲಿ ತುಳು ಬಂದರೆ, ಕೊಂಕಣಿ ಬಂದರೆ, ರಾತ್ರಿ ತಾಳಮದ್ದಳೆ ಬಂದರೆ ಆಯಾ ಮನೆಗಳಲ್ಲಿ ರೇಡಿಯೋದ ದನಿ ತುಸು ಜಾಸ್ತಿಯಾಗುತ್ತಿತ್ತು. ಪಕ್ಕದ ಮನೆಯವರಿಗೂ ಕೇಳಲಿ ಎಂದು.

ಸಂಜೆಯ ಆ ಮೂರು ಸುದ್ದಿಗಳಲ್ಲಿ ಅಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದದ್ದು ಸನ್ನೆಯ ಸುದ್ದಿಯನ್ನು. ಅಮ್ಮನ ಚಿಕ್ಕಮ್ಮನೊಬ್ಬರಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಅವರಿಗೆಂದೇ ಸನ್ನೆಗಳಿದ್ದವು: ಮಳೆಗೆ ಒಂದು, ಅಡಿಕೆ ಕೊಯ್ಲಿಗೆ ಒಂದು, ಮನೆಗೆ ಬರುವ ಒಬ್ಬೊಬ್ಬ ನೆಂಟರಿಗೂ ಒಂದೊಂದು. ಇಲ್ಲಿ ಸುದ್ದಿ ಹೇಳುವವರು ಮೂಲೆಯ ಸಣ್ಣ ಚೌಕದಲ್ಲಿ ನಿಂತಿಲ್ಲ. ಪರದೆಯ ನಡುವೆ ಎದೆಯುದ್ದಕ್ಕೆ ನಿಂತಿದ್ದಾರೆ. ಹುಬ್ಬು, ತುಟಿ, ಭುಜ ಎಲ್ಲ ಮಾತಾಡುತ್ತವೆ. “ಇದು ಎನಗೆ ಗೊಂತಾವ್ತು” ಎಂದು ಅಮ್ಮ ಅಂದಾಗ ಅವಳಿಗೆ ಗೊತ್ತಾದದ್ದು ಸುದ್ದಿಯೋ ಆ ಮನುಷ್ಯರೋ ನಾನು ಕೇಳಲಿಲ್ಲ.

ಆಗ ಇಬ್ಬರಿಗೂ ಒಟ್ಟಿಗೇ ನೆನಪಾದದ್ದು ದೂರದರ್ಶನದ ಭಾನುವಾರ. 1987ರಲ್ಲಿ ದೂರದರ್ಶನ ವಾರಕ್ಕೊಮ್ಮೆ ಕಿವಿ ಕೇಳದವರ ವಾರ್ತೆ ಶುರುಮಾಡಿತು. ಭಾನುವಾರ ಊಟದ ಹೊತ್ತಿಗೆ ಅದು ಬರುತ್ತಿತ್ತು. ಅದರ ಬೆನ್ನಿಗೇ ಪ್ರಾದೇಶಿಕ ಭಾಷೆಯ ಚಲನಚಿತ್ರ. ಒಂದು ವಾರ ಅಸ್ಸಾಮಿ, ಒಂದು ವಾರ ಬಂಗಾಳಿ, ಮರುವಾರ ಒಡಿಯಾ ಅಥವಾ ಮರಾಠಿ. ಕನ್ನಡದ ಸರದಿ ಯಾವಾಗಲೋ ಒಮ್ಮೆ. ಅದು ಬರುವ ತನಕ ನಾವು ಬೇರೆಯವರ ಚಿತ್ರಗಳನ್ನು ನೋಡಿದೆವು. ಅಪ್ಪ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ಓದಿ ತಾತ್ಪರ್ಯ ಹೇಳುತ್ತಿದ್ದರು. ಅಂಗಳದ ಆಚೆಯ ಮನೆಯವರು, ಕೆಲಸಕ್ಕೆ ಬರುತ್ತಿದ್ದವರು, ಎಲ್ಲರೂ ಚಾವಡಿಯಲ್ಲಿ ಕೂತಿರುತ್ತಿದ್ದರು. ಬಂಗಾಳದ ಹಳ್ಳಿಯ ಬಡತನ, ಮಣಿಪುರದ ಬೆಟ್ಟ, ಕೇರಳದ್ದೇ ಆದರೂ ನಾವು ಕಾಣದಿದ್ದ ದಕ್ಷಿಣದ ಹಿನ್ನೀರು, ಎಲ್ಲ ನಮ್ಮ ಚಾವಡಿಗೆ ಬಂದದ್ದು ಹೀಗೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ನಾನು ಮೊದಲು ನೋಡಿದ್ದೂ ಟಿವಿಯಲ್ಲೇ. ಆ ಹೊತ್ತಿನಲ್ಲಿ ಭಾರತದ ಯಾವುದೋ ಮೂಲೆಯಲ್ಲಿ ತಮ್ಮ ಭಾಷೆಯ ಸರದಿಗೆ ಕಾಯುತ್ತಾ ಯಾರೋ ಅದೇ ಕನ್ನಡದ ಚಿತ್ರವನ್ನು ನೋಡುತ್ತಿದ್ದಿರಬೇಕು.

ಸಾರ್ವಜನಿಕ ವಾಹಿನಿಯಿಂದ ನಾವು ಪಡೆದ ದೊಡ್ಡ ಲಾಭ ಇದೇ ಎಂದು ನನ್ನ ಗಟ್ಟಿಯಾದ ನಂಬಿಕೆ. ನಮಗೆ ಬೇಕಾದ್ದು ಸಿಕ್ಕಿದ್ದು ಎರಡನೆಯ ಲಾಭ. ನಮ್ಮದು ಬರುವ ತನಕ ಪರರದ್ದನ್ನು ನೋಡುತ್ತಾ ಕೂತದ್ದು ಮೊದಲನೆಯದು. ಈಗ ಫೋನು ನನ್ನ ರುಚಿಯನ್ನು ತಿಳಿದು ಅದನ್ನೇ ಬಡಿಸುತ್ತದೆ. ಇಂದು ನೋಡಿದ್ದನ್ನು ಹೋಲುವ ಹತ್ತು ನಾಳೆ ಬರುತ್ತವೆ. ಅದರಲ್ಲಿ ಸಾಮಿ ಸುದ್ದಿ ಬರುವುದಿಲ್ಲ, ಸನ್ನೆಯ ವಾರ್ತೆ ಬರುವುದಿಲ್ಲ, ಅಸ್ಸಾಮಿನ ಚಿತ್ರ ಬರುವುದಿಲ್ಲ. ಹುಡುಕಿದರೆ ಇದ್ದೀತು. ಆದರೆ ಇದೆ ಎಂದು ಗೊತ್ತಿಲ್ಲದ್ದನ್ನು ಯಾರು ಹುಡುಕುತ್ತಾರೆ?

ಇಲ್ಲಿ ಸಾರ್ವಜನಿಕ ವಾಹಿನಿಗೆ ಹಣ ಬರುವ ದಾರಿಯೂ ಪರರದ್ದಕ್ಕೂ ಪಾಲು ಕೊಡುವ ಲೆಕ್ಕಾಚಾರದ್ದು. 2018ರ ಕೊನೆಯ ತನಕ ಟಿವಿ ಇದ್ದ ಮನೆಯವರು ಶುಲ್ಕ ಕಟ್ಟುತ್ತಿದ್ದರು. 2019ರಿಂದ ಪೆಟ್ಟಿಗೆ ಇರಲಿ ಇಲ್ಲದಿರಲಿ, ಸಂಪಾದನೆ ಇರುವ ವಯಸ್ಕರೆಲ್ಲರಿಂದ ಆದಾಯದ ನೂರಕ್ಕೊಂದು ಪಾಲು, ಒಂದು ಮಿತಿಯ ತನಕ, ತೆರಿಗೆಯ ಜೊತೆಗೇ ಹೋಗುತ್ತದೆ. ಕಾರ್ಯಕ್ರಮದ ನಡುವೆ ಜಾಹೀರಾತು ಇಲ್ಲ. ನನ್ನ ಕೆಲಸದ ಜಾಗದಲ್ಲಿ ಒಬ್ಬ ತರುಣ ಊಟದ ಮೇಜಿನಲ್ಲಿ ಇದನ್ನೇ ಪ್ರಶ್ನಿಸಿದ: ತಾನು ಆ ವಾಹಿನಿ ನೋಡುವುದೇ ಇಲ್ಲ, ಮತ್ತೆ ತಾನೇಕೆ ಕೊಡಬೇಕು? ನಾನು ಅವನಿಗೆ ಸಂಜೆಯ ಸನ್ನೆ ಸುದ್ದಿಯ ವಿಷಯ ಹೇಳಿದೆ. ಕಿವಿ ಕೇಳದವರು ಮಾತ್ರ ಅದಕ್ಕೆ ಹಣ ಹಾಕಬೇಕೆಂದಿದ್ದರೆ ಅದು ಒಂದು ದಿನವೂ ನಡೆಯದು. ಅವನು ಒಪ್ಪಿದನೋ ಇಲ್ಲವೋ. ಮಾತು ಮುಂದುವರಿಯಿತು, ಅಷ್ಟು ಸಾಕು.

ದೂರದರ್ಶನದ ನಮ್ಮ ಕನ್ನಡ ವಾಹಿನಿ ಚಂದನದ ಬಗ್ಗೆಯೂ ನನಗೆ ಇದೇ ಕಳಕಳಿ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಮೊದಲು, 1975ರ ಆಗಸ್ಟಿನಿಂದ ಒಂದು ವರ್ಷ, ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳು ಉಪಗ್ರಹದಿಂದ ನೇರವಾಗಿ ಕನ್ನಡ ಕಾರ್ಯಕ್ರಮ ನೋಡಿದ್ದವು. ಕೃಷಿ, ಆರೋಗ್ಯ, ಮಕ್ಕಳ ಪಾಠ. ಬೆಂಗಳೂರಿನವರಿಗಿಂತ ಮೊದಲೇ ಕನ್ನಡದ ಟಿವಿ ನೋಡಿದವರು ಈ ಹಳ್ಳಿಯವರು. ಈಗಲೂ ಚಂದನದಲ್ಲಿ ಬೇಸಾಯದ ಮಾತಿಗೆ, ಶಾಸ್ತ್ರೀಯ ಸಂಗೀತಕ್ಕೆ, ಯಕ್ಷಗಾನಕ್ಕೆ ಜಾಗವಿದೆ. ನಾ. ಸೋಮೇಶ್ವರರು 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ಯಲ್ಲಿ ಸರಿಯುತ್ತರಕ್ಕೆ ಬಹುಮಾನ ಪುಸ್ತಕ. ಇಂಥ ರಸಪ್ರಶ್ನೆ ಖಾಸಗಿ ವಾಹಿನಿಯಲ್ಲಿ ನಾಲ್ಕು ತಿಂಗಳು ಬಾಳುತ್ತಿತ್ತೇ? ಅಮ್ಮ ಬದಿಯಡ್ಕದಲ್ಲಿ ಕೂತು, ಪರದೆಯೊಳಗಿನವರು ಬಾಯಿ ಬಿಡುವ ಮೊದಲೇ ಉತ್ತರ ಹೇಳುತ್ತಾಳೆ. ಕೇರಳದೊಳಗಿನ ಕನ್ನಡದ ಮನೆಗೆ, ತಿಂಗಳ ಚಂದಾ ಇಲ್ಲದ ಡಿಶ್ಶಿನಲ್ಲಿ, ಕನ್ನಡ ತಲುಪುತ್ತಿರುವುದು ದೊಡ್ಡ ಸಂಗತಿ. ಆ ವಾಹಿನಿಗೆ ಸಿಗಬೇಕಾದ ಹಣ, ಒಳ್ಳೆಯ ಕ್ಯಾಮೆರಾ, ಹೊಸ ಬರಹಗಾರರು, ಸ್ವಲ್ಪ ಧೈರ್ಯ, ಇವು ಸಿಗಬೇಕು ಎಂದು ಕೇಳುವುದರಲ್ಲಿ ನಾವು ಕನ್ನಡಿಗರು ಬಹಳ ಹಿಂದಿದ್ದೇವೆ.

ಮತ್ತೆ ಸ್ವೀಡನ್ನಿಗೆ ಬರುತ್ತೇನೆ. ಅಮ್ಮ ಬಂದ ಹೊಸದರಲ್ಲಿ, ಫೆಬ್ರವರಿ 4ರಂದು, ಒರೆಬ್ರೂ ಊರಿನ ವಯಸ್ಕರ ಶಾಲೆಯೊಂದರಲ್ಲಿ ಬಂದೂಕುಧಾರಿಯೊಬ್ಬ ಹತ್ತು ಜನರನ್ನು ಕೊಂದ. ಹೊರದೇಶದಿಂದ ಬಂದು ಸ್ವೀಡಿಷ್ ಕಲಿಯುವವರೂ ಓದುತ್ತಿದ್ದ ಶಾಲೆ. ನಾನು ಭಾಷೆ ಕಲಿತದ್ದೂ ಅಂಥದೇ ಒಂದು ಶಾಲೆಯಲ್ಲಿ. ಆ ರಾತ್ರಿ ಏಳೂವರೆಯ ‘ರಾಪೋರ್ಟ್’ ಸುದ್ದಿಯಲ್ಲಿ ಯಾರೂ ಕಿರುಚಲಿಲ್ಲ. ಎದೆ ನಡುಗಿಸುವ ಹಿನ್ನೆಲೆ ಸಂಗೀತವಿರಲಿಲ್ಲ. ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಎಂದು ಹೇಳಿದರು. ಒಂದು ವಾರದ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ದೇಶವೆಲ್ಲ ಒಂದು ನಿಮಿಷ ಮೌನ ನಿಂತಿತು. ಅಮ್ಮನೂ ಸೋಫಾದಿಂದ ಎದ್ದು ನಿಂತಳಂತೆ, ಮನೆಯಲ್ಲಿ ಒಬ್ಬಳೇ.

ಏಪ್ರಿಲ್ ನಡುವಿನಲ್ಲಿ ಮೂಸ್‌ಗಳ ನಡಿಗೆ ಶುರುವಾಯಿತು. 2019ರಿಂದ ಪ್ರತಿ ವಸಂತದಲ್ಲೂ ಎಸ್‌ವಿಟಿ ಉತ್ತರದ ಕುಲ್‌ಬೆರಿ ಎಂಬಲ್ಲಿ ಕಾಡಿನೊಳಗೆ ಕ್ಯಾಮೆರಾ ಇಟ್ಟು, ಹಗಲೂ ರಾತ್ರಿ ಕೆಲವು ವಾರ ನೇರ ಪ್ರಸಾರ ಮಾಡುತ್ತದೆ. ಓಂಗೆರ್ಮನ್ ನದಿಯನ್ನು ಈಜಿ ದಾಟಿ ಬೇಸಗೆಯ ಮೇವಿಗೆ ಹೋಗುವ ಆ ದೊಡ್ಡ ಕಾಡುಪ್ರಾಣಿ ಗಂಟೆಗಟ್ಟಲೆ ಬಾರದೇ ಇರಬಹುದು. ನಿರೂಪಕರಿಲ್ಲ. ನೀರು ಹರಿಯುತ್ತದೆ, ಹಕ್ಕಿ ಕೂಗುತ್ತದೆ. ಅಮ್ಮ ಊರಿನ ಮನೆಯ ಜಗಲಿಯಲ್ಲಿ ಕೂತು ತೋಟ ನೋಡುವಂತೆ ಅದನ್ನು ನೋಡುತ್ತಾ ಬಟಾಟೆ ಸಿಪ್ಪೆ ಸುಲಿದಳು, ಬತ್ತಿ ಹೊಸೆದಳು. ನನ್ನ ಮಗಳು ಶಾಲೆಯಿಂದ ಬಂದವಳೇ ಚೀಲ ಬಿಸಾಕಿ, ಎಷ್ಟು ದಾಟಿದವು ಎಂದು ಅಜ್ಜಿಯ ಹತ್ತಿರ ಲೆಕ್ಕ ಕೇಳುತ್ತಿದ್ದಳು.

ಆದರೆ ನಮ್ಮ ಮನೆಯಲ್ಲಿ ಈಗಲೂ ಮಾತಿಗೆ ಬರುವುದು ಮಾರ್ಚ್ 8ರ ಶನಿವಾರ. ‘ಮೆಲೊಡಿಫೆಸ್ಟಿವಾಲೆನ್’ ಫೈನಲ್, ನಮ್ಮದೇ ಊರಿನ ಅರೀನಾದಲ್ಲಿ. ಮಧ್ಯಾಹ್ನದಿಂದಲೇ ಸೋಲ್ನಾ ನಿಲ್ದಾಣದಲ್ಲಿ ಮಿಣುಕು ಬಟ್ಟೆ ತೊಟ್ಟ ಮಕ್ಕಳು, ಕೊರಳಿಗೆ ಬಣ್ಣದ ಗರಿಮಾಲೆ ಸುತ್ತಿಕೊಂಡ ಅಜ್ಜಂದಿರು. ಅಮ್ಮನನ್ನು ಕೈಹಿಡಿದು ಕರೆದುಕೊಂಡು ಹೋಗಿ ಇದೆಲ್ಲ ತೋರಿಸಿ ಬಂದೆ. ರಾತ್ರಿ ಎಂಟಕ್ಕೆ ಅದೇ ಅರೀನಾ ಟಿವಿಯೊಳಗೆ. ಗೆಲ್ಲುವವರೆಂದು ಬಹಳ ಮಂದಿ ನಂಬಿದ್ದು ಮೋನ್ಸ್ ಸೆಲ್ಮೆರ್‌ಲೋವ್ ಅವರನ್ನು. ಇಲ್ಲಿ ಗೆದ್ದವರು ಮುಂದೆ ಹೋಗುವ ಯೂರೋಪಿನ ಹಾಡಿನ ಸ್ಪರ್ಧೆ ಯೂರೊವಿಷನ್ನನ್ನೇ 2015ರಲ್ಲಿ ಗೆದ್ದವರು. ಅವರ ಎದುರಿಗೆ ‘ಕಾಯ್’ ಎಂಬ ಮೂವರ ತಂಡ. ಇವರು ಸ್ವೀಡನ್ನಿನವರೇ ಅಲ್ಲ. ಫಿನ್ಲೆಂಡಿನ ವೊರೋ ಎಂಬ ಊರಿನವರು. ಫಿನ್ಲೆಂಡಿನಲ್ಲಿ ನೂರಕ್ಕೆ ಐದರಷ್ಟು ಜನರ ಮನೆಮಾತು ಸ್ವೀಡಿಷ್. ಅದರಲ್ಲೂ ವೊರೋದ್ದು ಸ್ಟಾಕ್‌ಹೋಮಿನವರು ಕಿವಿಗೊಟ್ಟು ಕೇಳಬೇಕಾದಂಥ ಒಳನುಡಿ. ಆ ನುಡಿಯಲ್ಲಿ, ಬಿಸಿ ಹಬೆಯ ಸ್ನಾನದ ಕೋಣೆಯ ಕುರಿತು, ಅವರ ಹಾಡು ‘ಬಾರಾ ಬಾದಾ ಬಾಸ್ತು’. ವೇದಿಕೆಯ ಮೇಲೆ ಮರದ ಕೋಣೆ, ಬೆಂಕಿ, ಸೌಟಿನಲ್ಲಿ ನೀರು.

ನಾನು ಅಮ್ಮನಿಗೆ ಹೇಳಿದೆ: ಇವರು ಗಡಿಯ ಆಚೆಯವರು, ಆದರೆ ಈ ಭಾಷೆಯವರು. ಬೆಂಗಳೂರಿನ ದೊಡ್ಡ ವೇದಿಕೆಯಲ್ಲಿ ಬದಿಯಡ್ಕದ ಮೂವರು ಹುಡುಗರು ಹವ್ಯಕ ಮಾತಿನಲ್ಲಿ ಹಾಡಿದಂತೆ ಎಂದು ತಿಳಿದುಕೋ.

“ಇವು ಮನೆಮಾತಿಲ್ಲೇ ಹಾಡ್ತವು ಅಲ್ಲದಾ?” ಅಮ್ಮ ಮುಂದಕ್ಕೆ ಬಾಗಿ ಕೂತಳು.

ಈ ಸ್ಪರ್ಧೆಯ ಮತದಾನದಲ್ಲಿ ನನಗೆ ತುಂಬ ಮೆಚ್ಚುಗೆಯಾದ ಒಂದು ಏರ್ಪಾಡಿದೆ. ಫೋನಿನ ಆ್ಯಪಿನಲ್ಲಿ ಹೃದಯದ ಗುರುತು ಒತ್ತಿ ಮತ ಹಾಕಬೇಕು, ಅದಕ್ಕೆ ದುಡ್ಡಿಲ್ಲ. ಮತಗಳನ್ನೆಲ್ಲ ಒಂದೇ ರಾಶಿ ಮಾಡಿ ಎಣಿಸುವುದಿಲ್ಲ. ವಯಸ್ಸಿಗೆ ತಕ್ಕಂತೆ ಏಳು ಗುಂಪು: ಮೂರರಿಂದ ಒಂಬತ್ತು ವರ್ಷದವರದ್ದು ಒಂದು, ಹತ್ತರಿಂದ ಹದಿನೈದರವರದ್ದು ಒಂದು, ಹೀಗೆ ಏರುತ್ತಾ ಎಪ್ಪತ್ತೈದು ದಾಟಿದವರದ್ದು ಕೊನೆಯದು. ದೂರವಾಣಿ ಕರೆಗಳದ್ದು ಎಂಟನೆಯ ಗುಂಪು. ಪ್ರತಿ ಗುಂಪಿಗೂ ತನ್ನ ಮೆಚ್ಚಿನ ಹಾಡಿಗೆ ಹನ್ನೆರಡು ಅಂಕ, ಅದರ ನಂತರದ್ದಕ್ಕೆ ಹತ್ತು, ಹೀಗೆ ಕೊಡುವ ಹಕ್ಕು. ಫೋನು ಬಿಡದ ಹರೆಯದವರು ಎಷ್ಟೇ ಲಕ್ಷ ಮಂದಿ ಇರಲಿ, ಎಳೆಯ ಮಕ್ಕಳ ಗುಂಪಿಗೂ ಮುದುಕರ ಗುಂಪಿಗೂ ಅವರಷ್ಟೇ ತೂಕ.

ಮಗಳಿಗೆ ಎಂಟು ವರ್ಷ, ಅಮ್ಮನಿಗೆ ಎಪ್ಪತ್ತಾರು. ಒಬ್ಬಳು ಮೊದಲ ಗುಂಪು, ಇನ್ನೊಬ್ಬಳು ಕೊನೆಯದು. ಮೊಮ್ಮಗಳೇ ಅಜ್ಜಿಯ ಫೋನಿಗೆ ಆ್ಯಪ್ ಹಾಕಿ, ವಯಸ್ಸು ತುಂಬಿಸಿ, ಒಂದು ಹಾಡಿಗೆ ಐದು ಸಲ ಒತ್ತಬಹುದೆಂದು ತೋರಿಸಿಕೊಟ್ಟಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಐದಕ್ಕೆ ಐದನ್ನೂ ವೊರೋದವರಿಗೆ ಒತ್ತಿದಳು. ಮೊಮ್ಮಗಳು ತನ್ನ ಐದನ್ನು ಮೋನ್ಸ್‌ಗೆ ಕೊಟ್ಟಿದ್ದಳು. ತಂಡ ಗೆದ್ದಿತು, ಮೋನ್ಸ್ ಎರಡನೆಯವರಾದರು, 1998ರ ನಂತರ ಮೊದಲ ಸಲ ಸ್ವೀಡನ್ನಿನಿಂದ ಯೂರೊವಿಷನ್ನಿಗೆ ಸ್ವೀಡಿಷ್ ಹಾಡು ಹೊರಟಿತು. ಮೊಮ್ಮಗಳು ಅಳು ತಡೆದುಕೊಂಡು, ಮುಂದಿನ ವರ್ಷವೂ ನೀನು ಬರಬೇಕು, ಆಗ ಯಾರಿಗೆ ಒತ್ತಬೇಕೆಂದು ನಾನು ಹೇಳುತ್ತೇನೆ ಎಂದಳು. ಅಜ್ಜಿ ಅದಕ್ಕೆ ಒಪ್ಪಲಿಲ್ಲ. ಬರುವುದು ಬರುತ್ತೇನೆ, ಒತ್ತುವುದು ಮಾತ್ರ ನಾನೇ ಕೇಳಿ ನೋಡಿ ಒತ್ತುವುದು ಎಂದಳು.